ಬೆಟ್ಟಮ್ಮನ ಓಟು ಹಾಕಿದವರು ಯಾರು?

ಮದ್ದೂರಿನ ಸಂತೆಮಾಳದ ಹಿಂದಿನ ಬೀದಿಯಲ್ಲಿ ಒಂದು ಬಾವಿ ಇತ್ತು. ಬೀದಿಯ ಮೂವತ್ತು ಮನೆಗಳಿಗೂ ಅದೇ ನೀರು. ಒಂದು ಮಳೆಗಾಲದಲ್ಲಿ ಬಾವಿಯ ಕಟ್ಟೆ ಒಂದು ಮಗ್ಗುಲಿಗೆ ಕುಸಿದುಬಿತ್ತು. ಜನ ಪುರಸಭೆಗೆ ಹೋಗಿ ಹೇಳಿದರು. ಆಗಲಿ, ನೋಡೋಣ ಎಂಬ ಉತ್ತರ ಬಂತು. ಇನ್ನೊಂದು ಮಳೆಗಾಲವೂ ಕಳೆಯಿತು. ಕುಸಿದ ಕಡೆ ಎರಡು ತೆಂಗಿನ ದಿಮ್ಮಿ ಅಡ್ಡ ಇಟ್ಟುಕೊಂಡು ನೀರು ಸೇದುವುದು ಎಲ್ಲರಿಗೂ ಅಭ್ಯಾಸವಾಗಿಹೋಯಿತು.

ಇದು ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲದ ಸಂಗತಿ. ಸೀಮೆಎಣ್ಣೆಗೂ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗಿದ್ದ ವರ್ಷಗಳು.

ಆ ಬೀದಿಯಲ್ಲಿ ಬೆಟ್ಟಮ್ಮ ಎಂಬ ಹೆಂಗಸು ಕಡಲೆಪುರಿ ಹುರಿದು ಮಾರಿ ಬದುಕುತ್ತಿದ್ದಳು. ಗಂಡ ಬೋರಯ್ಯ ತೀರಿಕೊಂಡು ಹತ್ತು ವರ್ಷವಾಗಿತ್ತು. ಮನೆ ಅವಳ ಹೆಸರಿನಲ್ಲಿತ್ತು, ಮನೆ ಕಂದಾಯ ಕಟ್ಟುತ್ತಿದ್ದವಳೂ ಅವಳೇ. ಮಗ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಸೊಸೆ ಸೋಮಮ್ಮ ಐದು ತಿಂಗಳ ಬಸುರಿ.

ಒಂದು ಬೆಳಿಗ್ಗೆ ಸೋಮಮ್ಮ ನೀರು ಸೇದುವಾಗ ದಿಮ್ಮಿ ಉರುಳಿತು. ಅವಳು ಕೊಡದ ಸಮೇತ ಬಾವಿಗೆ ಬಿದ್ದಳು. ಪಕ್ಕದ ಮನೆಯ ರಹೀಂ ಗಾಡಿಚಕ್ರ ಮಾಡುವವನು. ಮರ ಕೆತ್ತುತ್ತಿದ್ದ ಬಾಚಿಯನ್ನು ಅಲ್ಲೇ ಬಿಸಾಡಿ ಓಡಿಬಂದು, ಹಗ್ಗ ಹಿಡಿದು ಇಳಿದು ಅವಳನ್ನು ಮೇಲೆತ್ತಿದ. ಜೀವ ಉಳಿಯಿತು. ಎಡಗೈ ಮುರಿದಿತ್ತು. ಹೊಟ್ಟೆಯಲ್ಲಿದ್ದ ಮಗುವಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳುವವರೆಗೂ ಬೆಟ್ಟಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತೇ ಇದ್ದಳು. ಕೂರು ಎಂದರೂ ಕೂರಲಿಲ್ಲ.

ಮಾರನೆಯ ದಿನ ಅವಳು ನೇರವಾಗಿ ಮರಿಸಿದ್ದಯ್ಯನ ಅಕ್ಕಿ ಗಿರಣಿಗೆ ಹೊರಟಳು. ಮರಿಸಿದ್ದಯ್ಯ ಅವರ ಬೀದಿಯೂ ಸೇರಿದ ವಾರ್ಡಿನಿಂದ ಆರಿಸಿಬಂದ ಪುರಸಭೆ ಮೆಂಬರು. ಜೊತೆಗೆ ರಹೀಮನ ತಂದೆ ನಿಜಾಮುದ್ದೀನ್ ಸಾಹೇಬರೂ ಬಂದರು. ಅವರು ಮೂವತ್ತು ವರ್ಷ ಊರಿನ ಮನೆಮನೆಗೂ ಕಾಗದ ಹಂಚಿ, ನಿವೃತ್ತಿಯಾಗಿದ್ದ ಅಂಚೆಯವರು.

ಮರಿಸಿದ್ದಯ್ಯ ಒಳ್ಳೆಯ ಮಾತಿನಲ್ಲೇ ಮಾತಾಡಿಸಿದ. "ಆಯ್ತು ಕಣಮ್ಮ, ಕಟ್ಸಾನ. ಮುಂದಿನ್ ತಿಂಗ್ಳು ಎಲೆಕ್ಸನ್ನು. ಅದೊಂದು ಮುಗೀಲಿ. ನಿಮ್ ಬೀದಿಯೋರೆಲ್ಲ ನನ್ ಕಡೆಯೋರೇ ಅಲ್ವಾ? ಓದ್ಸಲನೂ ನಿಮ್ ಬೀದಿಯ ಅಷ್ಟೂ ಓಟು ನಂಗೇ ಬಿದ್ದಿದ್ವು. ನಿಂದೂ ಬಿದ್ದಿತ್ತು."

"ನಂದಾ?" ಎಂದಳು ಬೆಟ್ಟಮ್ಮ. "ನಾನ್ಯಾವತ್ತು ಓಟಾಕಕ್ಕೆ ಓಗಿದ್ದೆ? ಆ ಜಾಗ ಎಲ್ಲದೆ ಅಂತಾನೂ ಗೊತ್ತಿಲ್ಲ ನಂಗೆ."

ಮರಿಸಿದ್ದಯ್ಯ ಬಾಗಿಲ ಕಡೆ ನೋಡಿದ. ಆಮೇಲೆ, "ಮರ್ತಿದ್ದೀಯ ಬುಡು" ಎಂದು ಹೇಳಿ, ಭತ್ತದ ಗಾಡಿ ಬಂತೆಂದು ಎದ್ದುಹೋದ.

ದಾರಿಯಲ್ಲಿ ಬೆಟ್ಟಮ್ಮ ಕೇಳಿದಳು. "ಇದೇನ್ ಸಾಬ್ರೇ, ನಾನು ಓಗ್ದೇನೇ ನನ್ ಓಟು ಎಂಗ್ ಬಿದ್ದಾತು?"

"ನೀನ್ ಓಗ್ಲಿಲ್ಲ ಅಂತ್ಲೇ ಬಿದ್ದಿರಾದು" ಎಂದರು ನಿಜಾಮುದ್ದೀನ್. "ನೀನು ಬರಾಕಿಲ್ಲ ಅಂತ ಗೊತ್ತಿದ್ದೋರು ಇನ್ಯಾರ್ನೋ ಕಳ್ಸಿ, ನಾನೇ ಬೆಟ್ಟಮ್ಮ ಅಂತ ಏಳ್ಸವ್ರೆ."

"ಹೆಂಗಸ್ರಿಗೂ ಓಟದಾ?"

"ಮನೆ ಕಂದಾಯ ಯಾರೆಸ್ರಲ್ಲಿ ಕಟ್ತೀಯ?"

"ನನ್ನೆಸ್ರಲ್ಲೇ."

"ಅಂಗಾದ್ರೆ ಓಟೂ ನಿಂದೇ. ಬಾ, ತೋರಿಸ್ತೀನಿ."

ಪುರಸಭೆ ಕಚೇರಿಯ ಗೋಡೆಗೆ ಓಟುದಾರರ ಪಟ್ಟಿ ಅಂಟಿಸಿದ್ದರು. ನಿಜಾಮುದ್ದೀನ್ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದುತ್ತ ಹೋದರು. "ನೋಡಿಲ್ಲಿ. ನಂಬರು ಎಂಬತ್ತಮೂರು. ಬೆಟ್ಟಮ್ಮ, ಲೇಟ್ ಬೋರಯ್ಯನ ಹೆಂಡತಿ."

ಬೆಟ್ಟಮ್ಮನಿಗೆ ಓದಲು ಬರುತ್ತಿರಲಿಲ್ಲ. ಅವರು ತೋರಿಸಿದ ಸಾಲನ್ನು ಹತ್ತಿರ ಹೋಗಿ ನೋಡಿದಳು. ತನಗೆ ಗೊತ್ತಿಲ್ಲದೆ ತನ್ನ ಹೆಸರು ಇಷ್ಟು ವರ್ಷ ಊರಿನ ಗೋಡೆಯ ಮೇಲಿತ್ತು ಎಂಬುದೇ ಅವಳಿಗೆ ಸೋಜಿಗವಾಯಿತು. ಅದಕ್ಕಿಂತ ಹೆಚ್ಚಾಗಿ, ಯಾರೋ ಒಬ್ಬಳು ತನ್ನ ಗಂಡನ ಹೆಸರು ಹೇಳಿಕೊಂಡು ಹೋಗಿದ್ದಳೆಂಬುದು ಮನಸ್ಸಿಗೆ ಚುಚ್ಚಿತು.

ಆದರೂ ತಾನೇ ಹೋಗಿ ಓಟು ಹಾಕಲು ಅವಳು ತಟ್ಟನೆ ಒಪ್ಪಲಿಲ್ಲ. ಅದಕ್ಕೆ ಕಾರಣವಿತ್ತು. ಪುರಿಗೆ ಬೇಕಾದ ಅಕ್ಕಿ ಬರುತ್ತಿದ್ದುದು ಮರಿಸಿದ್ದಯ್ಯನ ಗಿರಣಿಯಿಂದ. ಯುದ್ಧದ ಕಾಲದಲ್ಲಿ ಅಕ್ಕಿ ಬೇರೆ ಕಡೆ ಸುಲಭವಾಗಿ ಸಿಗುತ್ತಿರಲಿಲ್ಲ.

"ನಾನು ಬ್ಯಾರೆಯೋರಿಗಾಕಿ, ಅದು ಅವ್ನಿಗೆ ಗೊತ್ತಾದ್ರೆ? ಅಕ್ಕಿ ನಿಲ್ಲಿಸ್ಬುಟ್ರೆ ಒಲೆ ಎಂಗ್ ಉರಿಸ್ಲಿ ಸಾಬ್ರೇ?"

ನಿಜಾಮುದ್ದೀನ್ ಸುಳ್ಳು ಧೈರ್ಯ ಹೇಳಲಿಲ್ಲ. "ನೀನು ಓಗಿದ್ದು ಅವ್ನಿಗೆ ಗೊತ್ತಾಯ್ತದೆ. ಬಾಗ್ಲಲ್ಲಿ ಅವನ ಜನ ಕುಂತಿರ್ತಾರೆ. ಆದ್ರೆ ಒಳಗೆ ಪರದೆ ಕಟ್ಟಿರ್ತಾರೆ. ಎಲೆಕ್ಸನ್ನಿಗೆ ನಿಂತೋರು ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಪೆಟ್ಟಿಗೆ. ನೀನು ಯಾವುದ್ರಲ್ಲಿ ಚೀಟಿ ಹಾಕ್ದೆ ಅಂತ ಆಫೀಸರಿಗೂ ಕಾಣಾಕಿಲ್ಲ. ನೀನು ಅವ್ನಿಗೇ ಹಾಕು, ಬ್ಯಾರೆಯೋರಿಗೆ ಹಾಕು, ಅದು ನಿನ್ನಿಷ್ಟ. ಆದ್ರೆ ನೀನೇ ಹಾಕು."

ಆ ವಾರ ಮಗ ಮಂಡ್ಯದಿಂದ ಬಂದ. ವಿಷಯ ಕೇಳಿ, "ನಮಗ್ಯಾಕವ್ವ ದೊಡ್ಡೋರ ಸವಾಸ? ಒಂದು ಓಟ್ನಿಂದ ಏನಾದಾತು?" ಎಂದ.

ಸೋಮಮ್ಮ ಕೈಗೆ ಕಟ್ಟು ಹಾಕಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಳು. "ಏನೂ ಆಗ್ದೇ ಓದ್ರೆ, ಕದ್ದು ಹಾಕಕ್ಕೆ ಜನ ಯಾಕೆ ಕಳಿಸ್ತಾರೆ?" ಎಂದಳು.

ಬೆಟ್ಟಮ್ಮ ಅಂದೇ ತೀರ್ಮಾನ ಮಾಡಿದಳು.

ಓಟಿನ ದಿನ ಬೆಳಿಗ್ಗೆ ಒಲೆ ಹಚ್ಚದೆ, ಒಗೆದ ಸೀರೆ ಉಟ್ಟು, ಓಟು ನಡೆಯುತ್ತಿದ್ದ ಸ್ಕೂಲಿನ ಬಳಿಗೆ ಹೋದಳು. ನಿಜಾಮುದ್ದೀನರ ಹೆಂಡತಿ ಕುಲ್ಸುಮ್ ಜೊತೆಗಿದ್ದರು. ಹೆಂಗಸರ ಸಾಲು ಚಿಕ್ಕದಾಗಿತ್ತು. ಮುಂದೆ ನಾಲ್ಕೈದು ಜನ. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಒಬ್ಬೊಬ್ಬರ ಹೆಸರು ಕೇಳಿ, ಪಟ್ಟಿಯಲ್ಲಿ ಗೆರೆ ಎಳೆಯುತ್ತಿದ್ದರು. ಬೆಟ್ಟಮ್ಮನ ಮುಂದಿದ್ದವಳ ಸರದಿ ಬಂತು.

"ಹೆಸರು?"

ಆ ಹೆಂಗಸು ತಲೆ ತಗ್ಗಿಸಿ ಹೇಳಿದಳು. "ಬೆಟ್ಟಮ್ಮ. ಬೋರಯ್ಯನ ಹೆಂಡ್ತಿ."

ಬೆಟ್ಟಮ್ಮ ಒಂದು ಹೆಜ್ಜೆ ಮುಂದೆ ಬಂದು ಮೇಜಿನ ಮೇಲೆ ಕೈಯಿಟ್ಟಳು. "ಬೆಟ್ಟಮ್ಮ ನಾನು, ಸ್ವಾಮಿ. ಬೋರಯ್ಯ ನನ್ ಗಂಡ. ಇವಳ್ಯಾರೋ ಕಾಣೆ."

ಬಾಗಿಲಲ್ಲಿದ್ದ ಗಿರಣಿಯ ಗುಮಾಸ್ತ ಎದ್ದುನಿಂತು, "ಏಯ್, ಗಲಾಟೆ ಮಾಡ್ಬೇಡ" ಎಂದು ಗದರಿದ. ಅಧಿಕಾರಿ ಅವನಿಗೆ ಸುಮ್ಮನಿರುವಂತೆ ಹೇಳಿ ಕೇಳಿದರು: "ನಿಮ್ಮಿಬ್ಬರಲ್ಲಿ ಎಂಬತ್ತಮೂರನೇ ನಂಬರಿನವರು ಯಾರೆಂದು ಗುರುತಿಸುವವರು ಇದ್ದಾರೆಯೆ?"

ಗಂಡಸರ ಸಾಲಿನಿಂದ ನಿಜಾಮುದ್ದೀನ್ ಬಂದರು. "ಈ ತಾಯಿ ಮನೆಗೆ ಮೂವತ್ತು ವರ್ಸ ಕಾಗದ ಕೊಟ್ಟಿದ್ದೀನಿ, ಸ್ವಾಮಿ. ಬೋರಯ್ಯ ಸತ್ತಾಗ ಅವ್ರ ನೆಂಟರಿಗೆ ಸುದ್ದಿ ಕಾಗದ ಬರೆದೋನೂ ನಾನೇ. ಬೆಟ್ಟಮ್ಮ ಇವ್ಳೇ."

ಅಧಿಕಾರಿ ಇನ್ನೊಬ್ಬ ಹೆಂಗಸಿನ ಕಡೆ ನೋಡಿದರು. ಅವಳು ಹನಕೆರೆ ಕಡೆಯಿಂದ ಗಿರಣಿಯಲ್ಲಿ ಅಕ್ಕಿ ಕೇರಲು ಬರುತ್ತಿದ್ದ ಆಳು. "ಏಳ್ಕೊಟ್ಟಂಗೆ ಏಳ್ದೆ ಬುದ್ಧೀ. ಬರ್ದೇ ಓದ್ರೆ ಕೆಲ್ಸ ಓಯ್ತದೆ ಅಂದ್ರು" ಎಂದು ಅತ್ತಳು.

ಬೆಟ್ಟಮ್ಮನ ಸಿಟ್ಟು ಇಳಿಯಿತು. "ಅವಳ್ನ ಬುಟ್ಬುಡಿ ಸ್ವಾಮಿ. ಅವಳ್ದೂ ಹೊಟ್ಟೆಪಾಡು. ಕಳ್ಸಿದೋರ್ನ ಕೇಳಿ" ಎಂದಳು.

ಅಧಿಕಾರಿ ಆ ಹೆಂಗಸಿನ ಹೇಳಿಕೆ ಬರೆದುಕೊಂಡು ಕಳಿಸಿದರು. ಬಾಗಿಲಲ್ಲಿ ನೋಡಿದಾಗ ಗುಮಾಸ್ತ ಇರಲಿಲ್ಲ. ಬೆಟ್ಟಮ್ಮ ಚೀಟಿ ತೆಗೆದುಕೊಂಡು ಪರದೆಯ ಹಿಂದೆ ಹೋದಳು. ಯಾವ ಪೆಟ್ಟಿಗೆಗೆ ಹಾಕಿದಳೆಂದು ಅವಳು ಯಾರಿಗೂ ಹೇಳಲಿಲ್ಲ. ಮಗನಿಗೂ ಹೇಳಲಿಲ್ಲ.

ಸುದ್ದಿ ಬೀದಿಗೆಲ್ಲ ಹಬ್ಬಿತು. "ನಮ್ಮ ಹೆಸ್ರಲ್ಲಿ ಯಾರ್ ನಿಂತವ್ರೋ" ಎಂದುಕೊಂಡು, ಓಟಿದ್ದವರೆಲ್ಲ ಮಧ್ಯಾಹ್ನದೊಳಗೆ ಸ್ಕೂಲಿಗೆ ಬಂದರು. ಅಂಗಡಿ ಬಾಗಿಲು ಎಳೆದುಕೊಂಡು ಬಂದವರೂ ಇದ್ದರು.

ಮರಿಸಿದ್ದಯ್ಯ ಸೋತನೆಂದು ನೀವು ಅಂದುಕೊಳ್ಳಬಹುದು. ಇಲ್ಲ, ಅವನೇ ಗೆದ್ದ. ಬೇರೆ ಬೀದಿಗಳ ಓಟು ಅವನಿಗಿದ್ದವು. ಆದರೆ ಹಿಂದಿನ ಸಲದಂತೆ ನಿರಾಯಾಸವಾಗಿ ಗೆಲ್ಲಲಿಲ್ಲ, ದಡ ಮುಟ್ಟುವಷ್ಟರಲ್ಲಿ ಏದುಸಿರು ಬಿಟ್ಟಿದ್ದ. ಮೊದಲ ಎರಡು ತಿಂಗಳು ಬೆಟ್ಟಮ್ಮನಿಗೆ ಅಕ್ಕಿ ಕೊಡಲಿಲ್ಲ. ಅವಳಿಗೆ ಕಷ್ಟವೇ ಆಯಿತು. ಕುಲ್ಸುಮ್ ತಮ್ಮ ತವರಿನ ಕಡೆಯಿಂದ ಒಂದಿಷ್ಟು ಅಕ್ಕಿ ತರಿಸಿಕೊಟ್ಟರು. ಹೇಗೋ ಒಲೆ ಉರಿಯಿತು.

ಮೂರನೆಯ ತಿಂಗಳು ಮರಿಸಿದ್ದಯ್ಯ ತಾನೇ ಬೀದಿಗೆ ಬಂದ. ಬಾವಿಯ ಸುತ್ತ ಒಂದು ಸುತ್ತು ಹಾಕಿದ. ಹದಿನೈದು ದಿನದಲ್ಲಿ ಕಲ್ಲಿನ ಕಟ್ಟೆ ಎದ್ದಿತು. ಅವನ ಮನಸ್ಸು ಬದಲಾಗಿತ್ತೋ ಇಲ್ಲವೋ ಗೊತ್ತಿಲ್ಲ. ಈ ಬೀದಿಯ ಜನ ಇನ್ನು ಮುಂದೆ ತಾವೇ ಬಂದು ಓಟು ಹಾಕುತ್ತಾರೆ ಎಂಬುದಂತೂ ಅವನಿಗೆ ತಿಳಿದಿತ್ತು.

ಕಟ್ಟೆ ಮುಗಿದ ದಿನ ಬೆಟ್ಟಮ್ಮ ನಿಜಾಮುದ್ದೀನರನ್ನು ಕೇಳಿದಳು. "ಮುಂದ್ಲ ಸಲ ಸೋಮಿ ಹೆಸ್ರೂ ಸೇರಿಸ್ಬುಡಿ ಸಾಬ್ರೇ."

"ಅದು ಆಗಾಕಿಲ್ಲ ಕಣಮ್ಮ. ಅವಳೆಸ್ರಲ್ಲಿ ಮನೆ ಇಲ್ಲ, ಕಂದಾಯ ಇಲ್ಲ, ಓದೂ ಇಲ್ಲ. ಈಗಿನ ಕಾನೂನು ಹಂಗದೆ."

"ಇದ್ಯಾವ ನ್ಯಾಯ? ಬಾವಿಗೆ ಬಿದ್ದೋಳು ಅವಳು!"

ಓದುವ, ಕೇಳುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಆ ಕಾನೂನು ಈಗಿಲ್ಲ. ಹದಿನೆಂಟು ತುಂಬಿದ ಯಾರನ್ನೂ ಮನೆ ಇದೆಯೇ, ಓದು ಇದೆಯೇ ಎಂದು ಕೇಳುವುದಿಲ್ಲ. ಈ ವಾರವೇ ಹೋಗಿ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ. ಇಲ್ಲದಿದ್ದರೆ ಸೇರಿಸಿ. ಓದಲು ಬಾರದ ನೆರೆಯವರಿದ್ದರೆ ಅವರ ಹೆಸರನ್ನೂ ನೋಡಿಕೊಡಿ. ಓಟಿನ ದಿನ ಬೆಳಿಗ್ಗೆಯೇ ಹೋಗಿ. ನಿಮ್ಮ ಹೆಸರಿನಲ್ಲಿ ಬೇರೆಯವರು ಆಗಲೇ ಹಾಕಿದ್ದಾರೆಂದು ಹೇಳಿದರೆ ಸುಮ್ಮನೆ ವಾಪಸು ಬರಬೇಡಿ. ಮತಗಟ್ಟೆಯ ಅಧಿಕಾರಿಗೆ ನಿಮ್ಮ ಗುರುತು ತೋರಿಸಿ ಕೇಳಿ. ನಿಮಗೆ ಬೇರೆ ಮತಪತ್ರ ಕೊಡಬೇಕೆಂಬ ನಿಯಮವಿದೆ. ಯಾರಿಗೆ ಹಾಕಬೇಕೆಂದು ನಾವು ಹೇಳುವುದಿಲ್ಲ, ಅದು ನಿಮ್ಮಿಷ್ಟ. ನಿಮ್ಮ ಹೆಸರನ್ನು ನೀವೇ ಹೇಳಿ ಬನ್ನಿ.