ಮುಂದಿನ ಬಲಗಡೆಯ ಸದ್ದು

ನನ್ನ ಕಾರಿಗೆ ಇಪ್ಪತ್ತಮೂರು ವರ್ಷ. ಹೊಸದಾಗಿದ್ದಾಗ ಯಾವುದೋ ಕಂಪನಿಯ ಮಾಲೀಕರು ಹಿಂದಿನ ಸೀಟಿನಲ್ಲಿ ಕೂತು ಪೇಪರ್ ಓದುತ್ತ ಹೋಗುತ್ತಿದ್ದರಂತೆ. ಈಗ ಅದೇ ಸೀಟಿನಲ್ಲಿ ನಮ್ಮ ಅತ್ತೆ ಕೂತು ಸೊಂಟ ಕಾಯಿಸಿಕೊಳ್ಳುತ್ತಾರೆ. ಸೀಟು ಬಿಸಿ ಮಾಡುವ ಗುಂಡಿ ಮುಂದೆ ಕೆಟ್ಟು ನಾಲ್ಕು ವರ್ಷವಾಯಿತು, ಹಿಂದಿನದು ಇನ್ನೂ ಗಟ್ಟಿಮುಟ್ಟಾಗಿದೆ. ಏನೂ ಕೆಲಸವಿಲ್ಲದ ದಿನವೂ ಅತ್ತೆ ಒಂದು ಸುತ್ತು ಹೋಗಿ ಬರೋಣವೇ ಎಂದು ಕೇಳುವುದು ಊರು ನೋಡುವ ಆಸೆಯಿಂದಲ್ಲ.

ಹಳೆಯ ಐಷಾರಾಮಿ ಕಾರಿನಲ್ಲಿ ಎಷ್ಟು ಸುಖದ ಗುಂಡಿಗಳಿವೆಯೋ ಅಷ್ಟೇ ಕೆಡುವ ಜಾಗಗಳೂ ಇರುತ್ತವೆ. ಒಂದು ಕಾಲಕ್ಕೆ ತಾನಾಗಿಯೇ ಮೆಲ್ಲಗೆ ಮುಚ್ಚಿಕೊಳ್ಳುತ್ತಿದ್ದ ಬಾಗಿಲನ್ನು ಈಗ ಸೊಂಟದಿಂದ ದೂಡಬೇಕು. ಹೊರಗಿನ ಸೆಕೆ ಎಷ್ಟೆಂದು ತೋರಿಸುವ ಪರದೆಯಲ್ಲಿ ಅರ್ಧ ಅಂಕಿಗಳು ಸತ್ತಿವೆ. ಅದು ಮೂರೋ ಎಂಟೋ ಎಂದು ನಾವೇ ಊಹಿಸಿಕೊಳ್ಳಬೇಕು. ಚಾವಣಿಯ ಗಾಜಿನ ಸುತ್ತ ನೀರು ಹರಿದುಹೋಗಲು ನಾಲ್ಕು ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ಎಲೆಯ ಚೂರು ಸಿಕ್ಕಿಕೊಂಡರೆ ಮಳೆ ನೇರ ನಮ್ಮ ಕಾಲಬುಡಕ್ಕೇ ಇಳಿಯುತ್ತದೆ. ಎರಡು ತಿಂಗಳಿಗೊಮ್ಮೆ ನಾನು ಸ್ಟೂಲು ಹತ್ತಿ ಅವುಗಳಲ್ಲಿ ತೆಳ್ಳನೆಯ ನೈಲಾನ್ ದಾರ ತೂರಿಸಿ ಎಳೆಯುತ್ತೇನೆ. ಗಂಡ ಕಿಟಕಿಯಲ್ಲಿ ನಿಂತು, ದೊರೆಸಾನಿಗೆ ಕಿವಿ ಚುಚ್ಚುವ ಶಾಸ್ತ್ರವೋ ಎಂದು ರೇಗಿಸುತ್ತಾರೆ. ದೊರೆಸಾನಿ ಎಂಬ ಹೆಸರಿಟ್ಟವರೂ ಅವರೇ.

ರೇಗಿಸಿಕೊಳ್ಳಲಿ. ಅವರಿಗೆ ಗೊತ್ತಿಲ್ಲದ ಒಂದು ಸುಖ ನನಗೆ ಗೊತ್ತಿದೆ. ಬಾಗಿಲು ಮುಚ್ಚಿದ ಕೂಡಲೇ ಬೀದಿ ಇಲ್ಲವಾಗುತ್ತದೆ. ಲಾರಿಯ ಹಾರ್ನು, ಯಾರದೋ ಜಗಳ, ರಸ್ತೆ ಅಗೆಯುವ ಯಂತ್ರ ಎಲ್ಲವೂ ಪಕ್ಕದ ಮನೆಯ ಸಂಗತಿಗಳಾಗಿಬಿಡುತ್ತವೆ. ಆರು ಸಿಲಿಂಡರಿನ ಎಂಜಿನ್ನು ನಡೆಯುತ್ತಿದೆ ಎಂಬುದು ಪಾದಕ್ಕೆ ಗೊತ್ತಾಗಬೇಕೇ ಹೊರತು ಕಿವಿಗಲ್ಲ. ನಾನು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷಿಸುವವಳು. ದಿನವಿಡೀ ಸದ್ದು ಬಾರದ ಕೋಣೆಯ ಹೊರಗೆ ಕೂತು, ಒಳಗಿದ್ದವರ ಕಿವಿಗೆ ಪುಟ್ಟ ಪುಟ್ಟ ಸದ್ದುಗಳನ್ನು ಕಳಿಸುವುದು ನನ್ನ ಕೆಲಸ. ನಿಶ್ಶಬ್ದದ ಬೆಲೆ ನನಗೆ ಗೊತ್ತು, ಆ ಕಾರನ್ನು ಮಾರದೆ ಇಟ್ಟುಕೊಂಡಿರುವುದೂ ಅದಕ್ಕಾಗಿಯೇ.

ಮಾರದೆ ಇಟ್ಟುಕೊಳ್ಳಲು ಸಾಧ್ಯವಾದದ್ದು ಮಾತ್ರ ಮೆಕ್ಯಾನಿಕ್ ಕಿವಿಯಣ್ಣನಿಂದ. ಕಾರು ಮಾಡಿದ ಕಂಪನಿಯ ಶೋರೂಮಿನಲ್ಲಿ ಒಮ್ಮೆ ವಿಚಾರಿಸಿದಾಗ ಇಸ್ತ್ರಿ ಅಂಗಿಯ ಹುಡುಗ, ಈ ಮಾದರಿ ನಮ್ಮ ಕಂಪ್ಯೂಟರಿನಲ್ಲೇ ಇಲ್ಲ, ಗುಜರಿಗೆ ಹಾಕಿ ಎಂದು ನಗುತ್ತಲೇ ಹೇಳಿದ್ದ. ಕಿವಿಯಣ್ಣನ ಗ್ಯಾರೇಜು ಟೈರಿನ ಅಂಗಡಿಯ ಹಿಂದೆ, ಮುದ್ರಣಾಲಯದ ಗೋಡೆಗೆ ಅಂಟಿಕೊಂಡಿದೆ. ಒಬ್ಬರೇ ಕೆಲಸ ಮಾಡುವವರು. ಅರವತ್ತು ದಾಟಿದೆ. ಎಂಜಿನ್ನು ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರೆಂದರೆ ಒಳಗಿನ ಸಂಸಾರವೆಲ್ಲ ಬಯಲಾಗುತ್ತಿತ್ತು. ಒಮ್ಮೆ ನನ್ನ ಕಾರು ಓಣಿಯ ತಿರುವಿನಲ್ಲಿ ಇರುವಾಗಲೇ ಒಳಗಿನಿಂದ ಕೂಗಿ, ಮೂರನೇ ಸಿಲಿಂಡರಿನ ಪ್ಲಗ್ಗು ಹೋಗಿದೆ ಎಂದಿದ್ದರು. ಬಿಚ್ಚಿ ನೋಡಿದರೆ ಮೂರನೆಯದೇ. ಸುತ್ತಲಿನವರು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಸದ್ದು ಶುರುವಾದದ್ದು ಬೇಸಿಗೆಯಲ್ಲಿ. ಮುಂದಿನ ಬಲಗಡೆಯಿಂದ, ಸೂಜಿಯಷ್ಟು ಸಣ್ಣಗೆ ಒಂದು ಕೀಚಲು. ಪ್ರತಿ ಸಲ ಚಾಲೂ ಮಾಡಿದ ಮೇಲೆ ಹತ್ತು ನಿಮಿಷ ಇರುತ್ತಿತ್ತು, ಆಮೇಲೆ ಇಲ್ಲ. ನನ್ನ ನಿಶ್ಶಬ್ದದ ಕೋಣೆಗೆ ಯಾರೋ ಹೇಳದೆ ಕೇಳದೆ ನುಗ್ಗಿದಂತೆ ಸಿಟ್ಟು ಬಂತು. ಗಂಡನನ್ನು ಕೇಳಿದೆ. ಅವರಿಗೆ ಮನೆಯ ಕುಕ್ಕರು ಎಷ್ಟು ಸಲ ಕೂಗಿತೆಂಬುದೇ ಗೊತ್ತಿರುವುದಿಲ್ಲ, ಇದೆಲ್ಲಿ ಕೇಳಬೇಕು. ಅತ್ತೆಯೂ ಇಲ್ಲವೆಂದರು. ಕಿವಿಯಣ್ಣನ ಬಳಿಗೆ ಹೋದೆ. ಅವರು ಸ್ಕ್ರೂಡ್ರೈವರ್ ಹಚ್ಚಿದರು, ಕಣ್ಣು ಮುಚ್ಚಿದರು, ಐದು ನಿಮಿಷ ಬಿಟ್ಟು ಏನೂ ಇಲ್ಲ ಎಂದರು. ಕಾರಿನ ಪಕ್ಕದಲ್ಲೇ ನಿಂತಿದ್ದ ನನಗೆ ಅದು ಕೇಳುತ್ತಲೇ ಇತ್ತು. ಆದರೂ ಸುಮ್ಮನೆ ಮನೆಗೆ ಬಂದೆ. ಅವರು ಇಲ್ಲವೆಂದ ಮೇಲೆ ಇಲ್ಲ ಎಂದು ಹನ್ನೊಂದು ವರ್ಷದಿಂದ ನಂಬಿದವಳು ನಾನು.

ತಿಂಗಳು ಕಳೆದು ಮತ್ತೆ ಹೋದೆ. ಮತ್ತೆ ಅದೇ ಮಾತು. ಮೂರನೇ ಸಲ ಹೋದಾಗ ಅವರಿಗೂ ಸಾಕಾಗಿತ್ತು, ಊರಿನವರ ಕಿವಿ ನೋಡೋರು ಒಂದ್ಸಲ ನಿಮ್ಮದೂ ತೋರಿಸ್ಕೊಳ್ಳಿ ಎಂದು ನಕ್ಕರು. ಈಗ ಹೇಳಲು ನಾಚಿಕೆಯಾಗುತ್ತದೆ, ನಾನು ಹಾಗೆಯೇ ಮಾಡಿದೆ. ಊಟದ ಬಿಡುವಿನಲ್ಲಿ ಜೊತೆಯವಳನ್ನು ಯಂತ್ರದ ಮುಂದೆ ಕೂರಿಸಿ, ನಾನೇ ಕೋಣೆಯೊಳಗೆ ಹೋಗಿ ಕೂತೆ. ಇಲ್ಲದ ಸದ್ದು ಕೇಳುವ ಕಾಯಿಲೆಯೂ ಇರುತ್ತದಲ್ಲ, ಅದೇ ಇರಬೇಕೆಂದು ಎದೆಯಲ್ಲಿ ಅಳುಕು. ಒಳಗಿನ ನಿಶ್ಶಬ್ದದಲ್ಲಿ ಯಾವ ಕೀಚಲೂ ಕೇಳಲಿಲ್ಲ. ಅವಳು ಪರೀಕ್ಷೆಯ ಹಾಳೆ ತಂದು ಕೈಗಿಟ್ಟಳು. ಗೆರೆ ಮೇಲ್ಗಡೆ ನೆಟ್ಟಗೆ, ಹದಿನೆಂಟರ ಹುಡುಗಿಯದರಂತೆ ಇತ್ತು.

ಆ ಹಾಳೆ ಹಿಡಿದುಕೊಂಡು ಕೂತಾಗಲೇ ನನ್ನ ತಲೆಗೆ ಹೊಳೆದದ್ದು. ನನ್ನ ಕಿವಿ ಸರಿಯಿದ್ದರೆ ಸರಿಯಿಲ್ಲದ್ದು ಇನ್ನೊಬ್ಬರದು. ನಲವತ್ತು ವರ್ಷ ಎಂಜಿನ್ನುಗಳ ಪಕ್ಕ, ಮುದ್ರಣಾಲಯದ ಗೋಡೆಗೆ ಬೆನ್ನು ಕೊಟ್ಟು ದುಡಿದ ಮನುಷ್ಯ. ಅಂಥವರಿಗೆ ಮೊದಲು ಹೋಗುವುದು ಸಣ್ಣ ಕೀಚಲು ಸದ್ದುಗಳು, ದಪ್ಪ ಸದ್ದುಗಳು ಹಾಗೇ ಉಳಿದಿರುತ್ತವೆ, ಹಾಗಾಗಿ ಕಳೆದುಕೊಂಡವರಿಗೇ ಕಳೆದದ್ದು ಗೊತ್ತಾಗುವುದಿಲ್ಲ. ತಿಂಗಳಿಗೆ ಇಪ್ಪತ್ತು ಜನರಿಗೆ ನಾನು ಇದನ್ನೇ ಬಿಡಿಸಿ ಹೇಳುತ್ತೇನೆ. ನನ್ನ ಎದುರಿಗೇ ನಿಂತಿದ್ದವರಲ್ಲಿ ಅದು ಕಾಣದೆ ಹೋಯಿತು. ನನ್ನ ವಿದ್ಯೆಗೆ ಬೆಂಕಿ ಬೀಳಲಿ ಎನಿಸಿತು.

ಹೇಳುವುದು ಹೇಗೆ? ಕಿವಿಯಿಂದಲೇ ಹೆಸರು ಮಾಡಿದವರಿಗೆ ಕಿವಿ ಹೋಗಿದೆ ಎನ್ನುವುದೆಂದರೆ ಅಂಗಡಿ ಮುಚ್ಚಿ ಎಂದಂತೆಯೇ. ಅವರು ಮುಚ್ಚಿದರೆ ನನ್ನ ಕಾರಿನ ಕತೆಯೂ ಅಲ್ಲಿಗೇ ಮುಗಿಯಿತು. ಎರಡು ವಾರ ಮೀನಮೇಷ ಎಣಿಸಿದೆ. ಗಂಡ ಹೇಳಿದ ಉಪಾಯ ಸುಲಭವಾಗಿತ್ತು: ಹಳೆಯದಾಯಿತು ಎಂದು ನೆಪ ಹೇಳಿ ಆ ಜಾಗದ ಭಾಗವನ್ನು ಬದಲಾಯಿಸಿಕೊಂಡು ಬಾ, ಅವರ ಮರ್ಯಾದೆಯೂ ಉಳಿಯುತ್ತದೆ, ನಿನ್ನ ಸದ್ದೂ ಹೋಗುತ್ತದೆ. ನನಗದು ಹಿಡಿಸಿತು. ಹೋಗಿ ಹಾಗೆಯೇ ಹೇಳಿದೆ. ಬೆಲ್ಟು ಸುತ್ತುವ ಗಾಲಿಗಳ ಬೇರಿಂಗುಗಳನ್ನೆಲ್ಲ ಸುಮ್ಮನೆ ಬದಲಾಯಿಸಿಬಿಡಿ, ವಯಸ್ಸಾಗಿದೆ ಎಂದೆ.

ಅವರು ಕೈ ಒರೆಸಿಕೊಳ್ಳುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಖ ನೋಡಿದರು.

"ಚೆನ್ನಾಗಿರೋದನ್ನ ಬಿಚ್ಚಿ ಎಸೆಯೋ ಕೆಲಸ ನಾನು ಮಾಡಲ್ಲ ಮೇಡಂ. ಕೆಟ್ಟಿದ್ರೆ ಹೇಳ್ತೀನಿ, ಆಗ ಬದಲಾಯಿಸೋಣ."

ನನ್ನ ಮರ್ಯಾದೆಯ ಸುಳ್ಳು ಆ ಮನುಷ್ಯನ ಪ್ರಾಮಾಣಿಕತನಕ್ಕೆ ತಾಗಿ ಅಲ್ಲೇ ಬಿದ್ದುಹೋಯಿತು. ಇನ್ನು ಸುತ್ತಿ ಬಳಸಿ ಪ್ರಯೋಜನವಿರಲಿಲ್ಲ. ಫೋನಿನಲ್ಲಿ ಸದ್ದನ್ನು ಅಳೆಯುವ ಒಂದು ಪುಟ್ಟ ಸಾಧನವಿದೆ, ಯಾವ ಸದ್ದು ಎಷ್ಟಿದೆ ಎಂದು ಪರದೆಯ ಮೇಲೆ ಗೆರೆಗಳಾಗಿ ತೋರಿಸುತ್ತದೆ. ಎಂಜಿನ್ನು ಚಾಲೂ ಮಾಡಿ, ಅದನ್ನು ತೆರೆದು ಪಕ್ಕದಲ್ಲಿ ಹಿಡಿದೆ. ಪರದೆಯ ಎಡಗಡೆ ದಪ್ಪ ಸದ್ದುಗಳ ಗುಡ್ಡ. ಬಲಗಡೆ, ತೀರ ಕೊನೆಗೆ, ಒಂಟಿಯಾಗಿ ಒಂದು ಮೊಳೆಯಂಥ ಗೆರೆ ಎದ್ದು ನಿಂತಿತ್ತು. ಇದೇ ನನಗೆ ಕೇಳುತ್ತಿರುವ ಸದ್ದು ಎಂದು ಬೆರಳಿಟ್ಟು ತೋರಿಸಿದೆ.

ಅವರು ಒಳಗೆ ಕೈಹಾಕಿ ಎಂಜಿನ್ನು ಆರಿಸಿದರು. ಗೆರೆ ಬಿದ್ದಿತು. ಚಾಲೂ ಮಾಡಿದರು, ಎದ್ದಿತು. ಮೂರು ಸಲ ಹಾಗೆ ಮಾಡಿ ನೋಡಿದರು. ಅಷ್ಟೂ ಹೊತ್ತು ಅವರ ತಲೆ ಒಂದು ಪಕ್ಕಕ್ಕೆ ವಾಲಿಯೇ ಇತ್ತು, ಕೇಳಿಸೀತೇನೋ ಎಂದು. ನೋಡಲಾಗದೆ ನಾನು ಮುಖ ತಿರುಗಿಸಿದೆ. ಕೊನೆಗೆ, ಗಾಡಿ ಇಲ್ಲೇ ಇರಲಿ, ನಿಮ್ಮ ಆಸ್ಪತ್ರೆ ಎಷ್ಟು ಗಂಟೆಗೆ ತೆಗೆಯುತ್ತದೆ ಎಂದು ಕೇಳಿದರು.

ಮರುದಿನ ಬೆಳಿಗ್ಗೆ ನನಗಿಂತ ಮೊದಲೇ ಬಂದು ಕಾಯುತ್ತಿದ್ದರು. ಒಗೆದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಉಗುರಿನ ಅಂಚಿನ ಕಪ್ಪು ಮಾತ್ರ ಯಾವ ಸೋಪಿಗೂ ಜಗ್ಗದೆ ಹಾಗೇ ಇತ್ತು. ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಒತ್ತಬೇಕೆಂದು ಗುಂಡಿಯನ್ನು ಕೈಗೆ ಕೊಟ್ಟೆ. ಒತ್ತಿದರೆ ನನ್ನ ಮುಂದೆ ಕೆಂಪು ದೀಪ ಹತ್ತುತ್ತದೆ. ಶುರುವಿಗೆ ದಪ್ಪ ಸದ್ದುಗಳು, ತಡವಿಲ್ಲದೆ ಹತ್ತಿತು. ಸಣ್ಣ ಸದ್ದುಗಳಿಗೆ ಬಂದೆ, ಆಗಲೂ ಹತ್ತಿತು. ಅದಕ್ಕೂ ಸಣ್ಣದು, ಹತ್ತಿತು. ನನಗೇ ಗೊಂದಲವಾಯಿತು. ತಲೆಯೆತ್ತಿ ನೋಡಿದರೆ ಅವರು ಗಾಜಿನ ಆಚೆಯಿಂದ ನನ್ನ ಭುಜವನ್ನೇ ನೋಡುತ್ತಿದ್ದರು. ನಾನು ಸದ್ದು ಕಳಿಸುವಾಗ ಭುಜ ಒಂದಿಷ್ಟು ಏಳುತ್ತದೆ. ಸದ್ದು ಕಳಿಸದೆಯೇ ಭುಜ ಎತ್ತಿದೆ, ಕೆಂಪು ದೀಪ ಹತ್ತಿತು.

ಶಾಲೆಯ ಮಕ್ಕಳು ಹೀಗೆ ಮಾಡುತ್ತಾರೆ, ನಾನು ಗದರುತ್ತೇನೆ. ಇವರನ್ನು ಗದರುವ ಮನಸ್ಸು ಬರಲಿಲ್ಲ. ಎದ್ದು ಗಾಜಿನ ಮೇಲೆ ಪರದೆ ಎಳೆದೆ.

ಆಮೇಲೆ ದೀಪ ಹತ್ತಲಿಲ್ಲ. ಸದ್ದನ್ನು ಏರಿಸಿದೆ, ಮತ್ತೂ ಏರಿಸಿದೆ. ನನ್ನ ಕಾರಿನ ಕೀಚಲಿರುವ ಜಾಗಕ್ಕೆ ಬಂದಾಗ ಯಂತ್ರದಲ್ಲಿದ್ದಷ್ಟನ್ನೂ ಕೊಟ್ಟೆ. ಕೆಂಪು ದೀಪದ ಗಾಜನ್ನೇ ನೋಡುತ್ತ ಕೂತೆ, ಹತ್ತು ಮಾರಾಯ, ಹತ್ತು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹತ್ತಲಿಲ್ಲ.

ಹಾಳೆಯನ್ನು ಅವರ ಮುಂದಿಟ್ಟೆ. ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಆಮೇಲೆ ಪಾತಾಳಕ್ಕೆ ಇಳಿದಿತ್ತು. ಇದು ಮದ್ದಿಗೆ ಬಗ್ಗುವಂಥದ್ದಲ್ಲ, ಯಂತ್ರ ಹಾಕಿಕೊಂಡರೆ ಮಾತು ಚೆನ್ನಾಗಿ ಕೇಳುತ್ತದೆ, ಕೆಲಸ ಬಿಡಬೇಕಾಗಿಲ್ಲ, ಅಳೆಯುವ ಸಾಧನ ಬಳಸಬಹುದು ಎಂದು ಹಿಂದಿನ ದಿನವೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಅದ್ಯಾವುದಕ್ಕೂ ಕಿವಿಗೊಡಲಿಲ್ಲ. ಗೆರೆ ಬಿದ್ದ ಜಾಗಕ್ಕೆ ಬೆರಳಿಟ್ಟು, ಇಲ್ಲಿ ಗಾಡಿಯ ಯಾವ ಯಾವ ಸದ್ದು ಬರುತ್ತದೆ ಎಂದು ಕೇಳಿದರು. ಸಣ್ಣ ಬೇರಿಂಗು ಸವೆಯುವ ಸದ್ದು, ಬೆಲ್ಟಿನ ಕೀಚಲು, ಬ್ರೇಕಿನ ಪಟ್ಟಿ ತೀರಿದಾಗ ಬರುವ ಕಿರ್ರು ಎಂದೆ. ಬ್ರೇಕು ಎನ್ನುವಾಗ ನನ್ನ ದನಿಯೇ ಸಣ್ಣಗಾಯಿತು.

"ಇದು ಎಷ್ಟು ದಿನದಿಂದ ಇರಬಹುದು?"

ಎರಡು ವರ್ಷಕ್ಕೆ ಕಡಿಮೆಯಿಲ್ಲ ಎಂದೆ. ಅವರು ಬಿಳಿ ಹಾಳೆ ಕೇಳಿ ತೆಗೆದುಕೊಂಡರು. ಹೊರಗಿನ ಬೆಂಚಿನಲ್ಲಿ ಕೂತು, ಫೋನು ನೋಡಿ ನಂಬರುಗಳನ್ನು ಬರೆಯತೊಡಗಿದರು. ಪಕ್ಕದಲ್ಲಿ ಗಾಡಿಯ ಗುರುತು: ಬಿಳಿ ವ್ಯಾನು, ಶಾಲೆಯದು. ಕೆಂಪು, ಬಾಗಿಲು ಜಖಂ. ಬ್ಯಾಂಕಿನಮ್ಮನ ಚಿಕ್ಕ ಕಾರು. ಸದ್ದು ಬರುತ್ತಿದೆ ಎಂದು ತಂದದ್ದನ್ನು ಏನೂ ಇಲ್ಲ ಎಂದು ಅವರು ಹಿಂದಕ್ಕೆ ಕಳಿಸಿದ ಗಾಡಿಗಳವು. ಒಂದೂ ಮರೆತಿರಲಿಲ್ಲ. ಒಟ್ಟು ಹದಿನಾಲ್ಕು.

ಮೊದಲ ನಂಬರು ಒತ್ತಿದರು. ಕಿವಿ ಮಂದವಾದವರು ಎಷ್ಟು ಗಟ್ಟಿಯಾಗಿ ಮಾತಾಡುತ್ತಾರೆಂಬುದು ಅವರಿಗೆ ಗೊತ್ತಿರುವುದಿಲ್ಲ. ಕಾಯುತ್ತಿದ್ದ ಹತ್ತು ಹನ್ನೆರಡು ಜನರೂ, ಚೀಟಿ ಕೊಡುವ ಹುಡುಗಿಯೂ ತಿರುಗಿ ನೋಡಿದರು.

"ಗ್ಯಾರೇಜಿಂದ ಮಾತಾಡ್ತಿರೋದು. ನಿಮ್ಮ ವ್ಯಾನಲ್ಲಿ ಏನೂ ಇಲ್ಲ ಅಂದಿದ್ದೆನಲ್ಲ, ನನ್ನ ಕಿವಿ ಹೋಗಿದೆ ಅಂತ ಇವತ್ತು ಗೊತ್ತಾಯ್ತು. ಮಕ್ಕಳನ್ನ ಹತ್ತಿಸ್ಬೇಡಿ. ನಾನೇ ಬಂದು ಬಿಚ್ಚಿ ನೋಡ್ತೀನಿ."

ಇದನ್ನು ಮುಚ್ಚಿಡಲು ನಾನು ಎರಡು ವಾರ ಒದ್ದಾಡಿದ್ದೆ. ಅವರು ಎರಡು ನಿಮಿಷದಲ್ಲಿ ಇಡೀ ಮೊಗಸಾಲೆಗೆ ಕೇಳುವಂತೆ ಹೇಳಿ ಮುಗಿಸಿದರು. ನನಗೆ ಅಳು ಬಂತು, ಅವರ ಮೇಲಿನ ಮರುಕಕ್ಕಲ್ಲ. ಪಕ್ಕದಲ್ಲಿ ಹೋಗಿ ಕೂತು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ನನ್ನ ಕಾರು ಅದರಲ್ಲಿ ಇರಲಿಲ್ಲ. ನನ್ನದು ಯಾವಾಗ ಎಂದು, ಕೇಳಬಾರದಿತ್ತು, ಕೇಳಿಬಿಟ್ಟೆ.

"ನಿಮ್ಮದು ನಿಂತಿದೆ ಮೇಡಂ. ಇವೆಲ್ಲ ಓಡ್ತಾ ಇವೆ, ನನ್ನ ಮಾತು ನಂಬ್ಕೊಂಡು."

ಎರಡನೇ ನಂಬರು ಒತ್ತಿದರು. ಆ ಕಡೆಯಿಂದ ಹೆಂಗಸೊಬ್ಬರ ತೆಳ್ಳನೆಯ ದನಿ ಪಕ್ಕದಲ್ಲಿದ್ದ ನನಗೂ ಕೇಳಿತು. ಕಿವಿಯಣ್ಣ ಫೋನನ್ನು ಗಟ್ಟಿಯಾಗಿ ಕಿವಿಗೆ ಒತ್ತಿ ಹಿಡಿದರು, ಆಮೇಲೆ ನನ್ನ ಕಡೆ ತಿರುಗಿ, ಏನಂದರು ಎಂದು ಕೇಳಿದರು. ಮಧ್ಯಾಹ್ನದೊಳಗೆ ತರುತ್ತಾರಂತೆ ಎಂದೆ. ಅವರು ಆ ಗಾಡಿಯ ಮುಂದೆ ಗುರುತು ಹಾಕಿ, ಫೋನನ್ನು ನನ್ನ ಕೈಗೆ ಕೊಟ್ಟು, ಮೂರನೇ ನಂಬರನ್ನು ಓದಿ ಹೇಳಿದರು.