ನಲವತ್ತಾರು ಚುಕ್ಕೆ

ನನಗೆ ಕೋಪ ಮೂಗಿನ ತುದಿಯಲ್ಲೇ ಅಂತ ಗ್ಯಾರೇಜಿನವರು ಹೇಳ್ತಾರೆ. ಹೇಳಲಿ ಬಿಡಿ, ಅವರು ನಮ್ಮಪ್ಪನ್ನ ನೋಡಿಲ್ಲ.

ನಾನು ಟಿಂಕರ್. ಎಲ್ಲೋ ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನ ಸುತ್ತಿಗೆಯಲ್ಲಿ ಬಡಿದು ಸರಿ ಮಾಡೋನು. ಅಪ್ಪನದೂ ಅದೇ ಕೆಲಸ. ನನಗೆ ಮಗ್ಗಿ ಕಲಿಸಿದ್ದೂ ಅವನೇ. ಹದಿಮೂರೇಳ್ಲಿ ಎಷ್ಟೋ ಅಂದಾಗ ತೊಂಬತ್ತು ಅಂದೆ. ಕೈಯಲ್ಲಿದ್ದ ಸ್ಪ್ಯಾನರ್ ಬೀಸಿದ. ಮುಂದಿನ ಹಲ್ಲು ಅರ್ಧ ಮುರಿದು ನಾಲಿಗೆ ಮೇಲೆ ಬಿತ್ತು. "ಉಗಿದು, ಮತ್ತೆ ಹೇಳು" ಅಂದ. ರಕ್ತದ ಜೊತೆ ಉಗಿದು ತೊಂಬತ್ತೊಂದು ಅಂದೆ. ಆ ಉತ್ತರ ಇವತ್ತಿಗೂ ಮರೆತಿಲ್ಲ. ಶಾಲೆಯ ಕೊನೇ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತಾರು ತಗೊಂಡವನು ನಾನು. ದಂಡಂ ದಶಗುಣಂ ಅಂತ ದೊಡ್ಡವರು ಸುಮ್ಮನೆ ಹೇಳಿದ್ದಾರಾ ಅಂತ ಎದೆ ತಟ್ಟಿಕೊಂಡು ತಿರುಗ್ತಿದ್ದೆ.

ನನ್ನ ತಂಗಿಗೆ ಅದೇ ಗಣಿತದಲ್ಲಿ ಮೂವತ್ತೆಂಟು. ಅವಳು ನಡೆಯೋಕೆ ಕಲಿಯೋ ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ಏಟು ತಿನ್ನದೆ ಬೆಳೆದವಳು, ಅದಕ್ಕೇ ಹೀಗೆ ಅಂದುಕೊಂಡೆ. ದಡ್ಡಿಯಂತೂ ಅಲ್ಲ. ಹತ್ತು ವರ್ಷದವಳಿದ್ದಾಗಲೇ ನನ್ನನ್ನ ಕೇಳಿದ್ದಳು: "ಅಣ್ಣ, ಒಂದೇ ಬೀದಿಯಲ್ಲಿ ಏಳು ಗ್ಯಾರೇಜು ಯಾಕಿವೆ? ದೂರ ದೂರ ಇದ್ರೆ ಎಲ್ರಿಗೂ ಒಳ್ಳೇದಲ್ವಾ?" ತಲೆಹರಟೆ ಅಂತ ಬೈದು ಕಳಿಸಿದ್ದೆ. ಈಗ ನೋಡಿದ್ರೆ ಅಂಥ ಪ್ರಶ್ನೆಗಳಿಗೇ ಒಂದು ಶಾಸ್ತ್ರ ಇದೆಯಂತೆ. ಅರ್ಥಶಾಸ್ತ್ರ. ಅದನ್ನೇ ಓದ್ತೀನಿ, ಬೇರೆ ಏನೂ ಬೇಡ ಅಂತ ಹಟ ಹಿಡಿದು ಕೂತಳು.

ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಗಣಿತಕ್ಕೆ ಅರವತ್ತು ಬೇಕು, ನಿಮಗೆ ಅಷ್ಟಿಲ್ಲ, ಆದರೂ ಸಂದರ್ಶನಕ್ಕೆ ಬನ್ನಿ ಅಂತ ಉತ್ತರ ಬಂತು. ಅಲ್ಲಿ ಗಣಿತದ ಪ್ರಶ್ನೆ ಕೇಳ್ತಾರೆ. ಜೊತೆಗೆ, ಅವಳೇ ಗಮನಿಸಿದ ಯಾವುದಾದರೂ ಎರಡು ಸಂಗತಿಗೆ ಏನು ಸಂಬಂಧ ಅಂತ ಬೋರ್ಡಿನ ಮೇಲೆ ತೋರಿಸಬೇಕು. ಇದೊಂದೇ ಅವಕಾಶ. ಇದು ತಪ್ಪಿದ್ರೆ ಮೂಲೆಯ ಔಷಧಿ ಅಂಗಡಿಯಲ್ಲಿ ಬಿಲ್ ಬರೆಯೋ ಕೆಲಸವೇ ಗತಿ.

"ನಾನಿದ್ದೀನಲ್ಲ, ಎರಡು ತಿಂಗಳಲ್ಲಿ ನಿನ್ನ ತಲೆಗೆ ಗಣಿತ ಇಳಿಸ್ತೀನಿ" ಅಂದೆ.

ದಿನಾ ಸಂಜೆ ಆರಕ್ಕೆ ಪಾಠ. ಊಟದ ಮೇಜಿನ ಮೇಲೆ ಹತ್ತು ಲೆಕ್ಕ, ಪಕ್ಕದಲ್ಲಿ ಉಕ್ಕಿನ ಅಡಿಪಟ್ಟಿ. ತಪ್ಪಿದ್ರೆ ಗಿಣ್ಣಿನ ಮೇಲೆ ಅದರ ಅಂಚು. ಮತ್ತೆ ತಪ್ಪಿದ್ರೆ ಕೆನ್ನೆಗೆ. ಅಳೋಕೆ ಶುರು ಮಾಡಿದ್ರೆ ಜುಟ್ಟು ಹಿಡಿದು ಹಣೆಯನ್ನ ಮೇಜಿಗೆ ಕುಟ್ಟುತ್ತಿದ್ದೆ. ಅಮ್ಮ ಅಡುಗೆಮನೆ ಬಾಗಿಲು ಹಾಕಿಕೊಂಡು ಪಾತ್ರೆ ಸದ್ದು ಮಾಡೋಳು. ಒಂದೇ ಒಂದು ಸಲ ಹೊರಗೆ ಬಂದು "ಸಾಕು ಬಿಡೋ, ಹೆಣ್ಣು ಹುಡುಗಿ" ಅಂದಳು. "ಹೆಣ್ಣಾದ್ರೆ ಲೆಕ್ಕ ಬೇರೆ ಆಗುತ್ತಾ?" ಅಂತ ಗದರಿದೆ, ಒಳಗೆ ಹೋದಳು.

ಎಷ್ಟು ಬಡಿದರೂ ಕಲ್ಲಿನ ಮೇಲೆ ನೀರು ಸುರಿದ ಹಾಗೆ. ನಿನ್ನೆ ಬಂದಿದ್ದು ಇವತ್ತು ಮರೆತಿರ್ತಿದ್ದಳು. ನಡುವೆ ನನ್ನ ಕಣ್ಣಿಗೆ ಕಬ್ಬಿಣದ ಪುಡಿ ಸಿಡಿದು ಎರಡು ದಿನ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಆ ಎರಡು ದಿನ ಒಬ್ಬಳೇ ಮಾಡಿಕೊಂಡಳು. ಏನು ಮಾಡಿದಳೋ, ನಾನಂತೂ ನೋಡಲಿಲ್ಲ.

ಸಂದರ್ಶನಕ್ಕೆ ನಾಲ್ಕು ದಿನ ಇತ್ತು. ಅವತ್ತು ಹತ್ತಕ್ಕೆ ಹತ್ತೂ ತಪ್ಪು. ಪಿತ್ತ ನೆತ್ತಿಗೇರಿತು ನನಗೆ. ಅವಳ ಬಲಗೈಯನ್ನ ಮೇಜಿಗೆ ಒತ್ತಿ ಹಿಡಿದು ಅಡಿಪಟ್ಟಿ ಬಿಟ್ಟು ಮುಷ್ಟಿಯಲ್ಲೇ ಗುದ್ದಿದೆ. ತೋರುಬೆರಳು ಪಟ್ ಅಂತು. ಅವಳು ಬೆರಳನ್ನೇ ನೋಡ್ತಾ ಕೂತಳು, ಅದು ಪಕ್ಕಕ್ಕೆ ತಿರುಗಿ ನಿಂತಿತ್ತು. ಆಸ್ಪತ್ರೆಯಲ್ಲಿ ಬಾಗಿಲಿಗೆ ಸಿಕ್ಕಿಹಾಕಿಕೊಂಡಿತು ಅಂತ ಬರೆಸಿದೆ. ನಾಚಿಕೆ ಆಯ್ತಾ ಅಂತ ಕೇಳ್ತೀರಾ? ಆಗಲಿಲ್ಲ. ಇನ್ನು ಬರೆಯೋದು ಹೇಗೆ ಅಂತ ಅವಳ ಮೇಲೇ ಸಿಟ್ಟು ಬಂತು.

ಅವಳೇ ದಾರಿ ಹೇಳಿದಳು. "ಬೋರ್ಡಿನ ಮೇಲೆ ನೀನು ಬರೀ ಅಣ್ಣ. ನಾನು ಹೇಳ್ತಾ ಹೋಗ್ತೀನಿ. ಕೈಗೆ ಏಟಾಗಿದ್ರೆ ಒಬ್ಬರು ಬರೆಯೋರನ್ನ ಕರೆದುಕೊಂಡು ಬರಬಹುದಂತೆ."

"ಏನು ತೋರಿಸ್ತೀಯಾ?"

"ಮನೆಯಲ್ಲಿ ನೋಡಿದ್ದೇ."

ಸಂದರ್ಶನದ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಚಿಕ್ಕ ಕೋಣೆ, ಉದ್ದ ಮೇಜು, ಗೋಡೆಗೆ ಹಸಿರು ಬೋರ್ಡು. ಮೇಜಿನಾಚೆ ಪ್ರೊಫೆಸರ್ ಮೇಡಂ ಒಬ್ಬರೇ, ಬಾಗಿಲಲ್ಲಿ ಒಬ್ಬ ಕಾವಲುಗಾರ. ಮೇಡಂ ಅಂಕಪಟ್ಟಿ ನೋಡಿ ನಿಟ್ಟುಸಿರು ಬಿಟ್ಟರು. "ಮೂವತ್ತೆಂಟು. ಅರ್ಥಶಾಸ್ತ್ರದಲ್ಲಿ ಅರ್ಧ ಗಣಿತವೇ ಇರುತ್ತಮ್ಮ. ಹ್ಞೂಂ, ಏನು ತಂದಿದ್ದೀರಾ ತೋರಿಸಿ."

ತಂಗಿ ನೋಟ್ ಪುಸ್ತಕ ತೆರೆದಳು. "ಅಣ್ಣ, ಅಡ್ಡಕ್ಕೊಂದು ಗೆರೆ, ಉದ್ದಕ್ಕೊಂದು ಗೆರೆ ಎಳಿ. ಈಗ ಅಡ್ಡಕ್ಕೆ ಮೂರು, ಮೇಲಕ್ಕೆ ಐದು. ಚುಕ್ಕೆ ಇಡು."

ಇಟ್ಟೆ. ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಪಳಗಿದ ಕೈ ನನ್ನದು. ಅಡ್ಡಕ್ಕೆ ಎಂಟು, ಮೇಲಕ್ಕೆ ಮೂರು. ಅಡ್ಡಕ್ಕೆ ಹನ್ನೆರಡು, ಮೇಲಕ್ಕೆ ಒಂದು. ಒಟ್ಟು ನಲವತ್ತಾರು ಚುಕ್ಕೆ. ಎಡಗಡೆ ಎತ್ತರದಲ್ಲಿ ಎರಡು ಮಾತ್ರ, ಉಳಿದವೆಲ್ಲ ಬಲಕ್ಕೆ ಇಳೀತಾ ಹೋದವು. ಕೊನೇದು ಅಡ್ಡಕ್ಕೆ ಹತ್ತೊಂಬತ್ತು, ಮೇಲಕ್ಕೆ ಸೊನ್ನೆ. "ಚೆನ್ನಾಗಿ ಇಟ್ಟಿದ್ದೀರಾ" ಅಂದರು ಮೇಡಂ. ಹಲ್ಲು ಕಿರಿದೆ.

"ಅಡ್ಡಕ್ಕೆ ಇರೋದು ಏನು?" ಮೇಡಂ ಅವಳನ್ನ ಕೇಳಿದರು.

"ಆ ದಿನ ನನಗೆ ಬಿದ್ದ ಏಟು. ಮೇಲಕ್ಕೆ ಇರೋದು, ಹತ್ತರಲ್ಲಿ ಸರಿಯಾದ ಲೆಕ್ಕ."

ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯ್ತು. ಮೇಡಂ ಅವಳ ಬೆರಳಿನ ಪಟ್ಟಿ ನೋಡಿದರು, ಆಮೇಲೆ ನನ್ನನ್ನ ನೋಡಿದರು. ಅವರ ದನಿ ಬದಲಾಗಲಿಲ್ಲ. "ಸೊನ್ನೆ ಏಟಿನ ದಿನ ಎರಡೇ ಇವೆ. ಎರಡರಿಂದ ಏನೂ ಹೇಳೋಕಾಗಲ್ಲ."

"ಗೊತ್ತು ಮೇಡಂ. ಅದಕ್ಕಿಂತ ಹೆಚ್ಚು ಸಿಗಲಿಲ್ಲ."

"ಇನ್ನೊಂದು. ಏಟು ಬಿದ್ದಿದ್ದಕ್ಕೆ ಲೆಕ್ಕ ತಪ್ಪಿತೋ, ಲೆಕ್ಕ ತಪ್ಪಿದ್ದಕ್ಕೆ ಏಟು ಬಿತ್ತೋ? ಬೋರ್ಡಿನ ಮೇಲೆ ಎರಡೂ ಒಂದೇ ಥರ ಕಾಣುತ್ತೆ."

ಶಭಾಷ್ ಅಂದೆ ಮನಸ್ಸಲ್ಲೇ. ಹೌದಲ್ಲ! ತಪ್ಪು ಮಾಡಿದಳು, ಹೊಡೆದೆ. ಸುಮ್ಮಸುಮ್ಮನೆ ಯಾರಾದ್ರೂ ಹೊಡೀತಾರಾ?

"ನಾನೂ ಅದನ್ನೇ ಯೋಚಿಸಿದೆ ಮೇಡಂ," ಅಂದಳು ತಂಗಿ. "ಅದಕ್ಕೇ ಲೆಕ್ಕ ಶುರು ಮಾಡೋಕೆ ಮುಂಚೆ ಬಿದ್ದ ಏಟುಗಳನ್ನ ಬೇರೆ ಬರೆದಿಟ್ಟಿದ್ದೀನಿ. ಗ್ಯಾರೇಜಲ್ಲಿ ಯಾರ ಹತ್ರನಾದ್ರೂ ಬೈಸಿಕೊಂಡ ದಿನ ಅಣ್ಣ ಹೊಸಿಲು ದಾಟುತ್ತಲೇ ಹೊಡೀತಾನೆ. ಆಗ ನಾನು ಪೆನ್ಸಿಲ್ ಕೂಡ ಮುಟ್ಟಿರಲ್ಲ, ತಪ್ಪು ಮಾಡೋಕೆ ಅವಕಾಶವೇ ಇಲ್ಲ. ಅಂಥ ದಿನ ಹನ್ನೊಂದು. ಅದರಲ್ಲಿ ಒಂಬತ್ತು ದಿನ ಎರಡಕ್ಕಿಂತ ಹೆಚ್ಚು ಲೆಕ್ಕ ಸರಿ ಬಂದಿಲ್ಲ."

"ಸುಳ್ಳು!" ಅಂದೆ.

ಸುಳ್ಳಾಗಿರಲಿಲ್ಲ. ಹನ್ನೊಂದು ದಿನವೂ ನನಗೆ ನೆನಪಾದವು, ಯಾರು ಬೈದರು, ಯಾವ ಕಾರು, ಎಲ್ಲಾ. ನೆನಪಾಗ್ತಾ ಇದ್ದ ಹಾಗೇ ಹೊಡೆದುಬಿಟ್ಟಿದ್ದೆ. ಅವಳು ಹಾರಿ ಮೇಜಿನ ಮೂಲೆಗೆ ಬಡಿದು ಕೆಳಗೆ ಬಿದ್ದಳು. ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು. ಕಾವಲುಗಾರ ಹಿಂದಿನಿಂದ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಮುಖ ಒತ್ತಿ ತೋಳು ತಿರುಚಿದ. ಮೇಡಂ ಎದ್ದು ನಿಂತು ಪೊಲೀಸರಿಗೆ ಫೋನ್ ಮಾಡಿ ಅಂತ ಕೂಗ್ತಿದ್ದರು.

ತಂಗಿ ಮೇಜು ಹಿಡಿದುಕೊಂಡು ಎದ್ದಳು. "ಮೇಡಂ, ಇದೂ ತಪ್ಪು ಮಾಡೋಕೆ ಮುಂಚಿಂದೇ. ಹನ್ನೆರಡು ಅಂತ ಬರ್ಕೊಳ್ಳಿ." ರಕ್ತ ಒರೆಸಿಕೊಂಡು ಎಡಗೈಗೆ ಸೀಮೆಸುಣ್ಣ ತಗೊಂಡಳು. "ಗಣಿತದ ಪ್ರಶ್ನೆ ಇನ್ನೂ ಕೇಳಿಲ್ಲ ನೀವು. ದಯವಿಟ್ಟು ಕೇಳಿ. ನನಗೆ ಇನ್ನೊಂದು ದಿನ ಸಿಗಲ್ಲ."

ನನ್ನನ್ನ ದರದರ ಎಳೆದುಕೊಂಡು ಹೋದರು. ಕೇಳಿದರೋ ಇಲ್ಲವೋ ಗೊತ್ತಾಗಲಿಲ್ಲ.

ಆರು ದಿನ ಒಳಗಿದ್ದೆ. ಅಲ್ಲಿನ ಏಟುಗಳ ಬಗ್ಗೆ ಹೇಳಲ್ಲ, ಮಾಡಿದ್ದುಣ್ಣೋ ಮಹರಾಯ. ಮನೆಗೆ ಬಂದಾಗ ತಂಗಿ ಚಿಕ್ಕಮ್ಮನ ಮನೆಗೆ ಹೋಗಿಯಾಗಿತ್ತು. ಅಮ್ಮ ನನ್ನ ಜೊತೆ ಮಾತಾಡೋದು ಬಿಟ್ಟಿದ್ದಳು. ಮೂರು ವಾರದ ಮೇಲೆ ನಮ್ಮ ವಿಳಾಸಕ್ಕೇ ಪತ್ರ ಬಂತು. ಒಡೆದು ಓದಿದೆ. ಸೀಟು ಕೊಟ್ಟಿದ್ದಾರೆ. ಮೊದಲ ವರ್ಷ ಗಣಿತದ ಹೆಚ್ಚುವರಿ ಪಾಠ ಪಾಸಾಗಬೇಕು. ಒಂದು ವಾರದೊಳಗೆ ಸಹಿ ಹಾಕಿ ಕಳಿಸಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಹರಿದು ಒಲೆಗೆ ಹಾಕಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಒಂದು ಗಳಿಗೆ ಹಾಗೇ ಅನ್ನಿಸಿತ್ತು ಕೂಡ, ಯಾಕೆ ಮುಚ್ಚಿಡಲಿ. ತಗೊಂಡು ಹೊರಟೆ.

ಚಿಕ್ಕಮ್ಮನ ಮನೆ ಬಾಗಿಲು ಬೆರಳಗಲ ತೆರೆಯಿತು. "ಮೆಟ್ಟಿಲ ಮೇಲಿಡು," ಅಂದಳು ತಂಗಿ. "ಗೇಟಿನ ಆಚೆ ಹೋಗಿ ನಿಂತ್ಕೋ."

ಹೋಗಿ ನಿಂತೆ.

ಹೊರಗೆ ಬಂದು ಓದಿದಳು. ಇನ್ನೊಂದು ಸಲ ಓದಿದಳು. ಮೆಟ್ಟಿಲ ಮೇಲೆ ಕುಸಿದು ಕೂತು ಪತ್ರವನ್ನ ಮುಖಕ್ಕೆ ಒತ್ತಿಕೊಂಡಳು, ಭುಜ ಅಲುಗುತ್ತಿತ್ತು. ಇಷ್ಟು ಖುಷಿ ನನಗೆ ಜೀವಮಾನದಲ್ಲಿ ಆಗಿರಲಿಲ್ಲ, ಆದರೆ ಅದನ್ನ ಹೇಳೋಕೆ ಯಾವ ಬಾಯಿ ಇದೆ ನನಗೆ?

ಅವಳು ತಲೆ ಎತ್ತಿ ನನ್ನ ಕಡೆ ನೋಡಿದಳು. ಒಳ್ಳೇದಾಗಲಿ ಅಂತ ಹೇಳೋಣ ಅಂತ ಕೈ ಎತ್ತಿದೆ.

ಹತ್ತು ಹೆಜ್ಜೆ ದೂರದಲ್ಲಿ, ಮುಚ್ಚಿದ ಗೇಟಿನಾಚೆ, ಅವಳು ತಲೆ ಬಗ್ಗಿಸಿ ಮೊಣಕೈ ಅಡ್ಡ ಹಿಡಿದಳು.