ಮೂರನೆಯ ಹಾಡಿನ ಗಿಟಾರು

ಮಗಳು ಜಯದೇವಿಗೆ ಒಂದು ಜಡೆ ಹೆಣೆದು ರಿಬ್ಬನ್ ಕಟ್ಟಿದ್ದೆ. ಇನ್ನೊಂದು ಕಡೆಯ ಕೂದಲನ್ನು ಮೂರು ಎಳೆ ಮಾಡುವಷ್ಟರಲ್ಲಿ ಗೇಟಿನ ಹತ್ತಿರ ಸೀನುವಿನ ಲೂನಾ ಮೊಪೆಡ್ ನಿಂತ ಸದ್ದಾಯಿತು. ಸೀನು ನನ್ನ ಗಂಡ ಅನಂತಪದ್ಮನಾಭರ ಗೆಳೆಯ. ಮೊದಲು ಅವರ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ, ಈಗ ಜಯನಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಂಕುಳಲ್ಲಿ ಒಂದು ಎಲ್.ಪಿ. ರೆಕಾರ್ಡ್ ಇತ್ತು.

“ಅತ್ತಿಗೆ, ಬಂದ್ಬಿಡ್ತು. ಬ್ರಿಗೇಡ್ ರೋಡಿನ ಅಂಗಡಿಗೆ ಬಂದಿದ್ದೇ ಐದು ಕಾಪಿ. ನೆನ್ನೆ ಸಂಜೆ ಹೋಗಿ ಒಂದು ಎತ್ಕೊಂಡೆ.”

ನನ್ನ ಕೈಯಲ್ಲಿದ್ದ ಕೂದಲು ಬಿಚ್ಚಿಕೊಂಡಿತು.

ಆ ರೆಕಾರ್ಡಿಗಾಗಿಯೇ ನಮ್ಮ ಯಜಮಾನರು ಕಾರ್ಖಾನೆಯ ಕೆಲಸ ಬಿಟ್ಟು ಬ್ಯಾಂಡಿನವರ ಜೊತೆ ಬೊಂಬಾಯಿಗೆ ಹೋದದ್ದು. ಹತ್ತು ವರ್ಷ ಕಾಲೇಜು ಫೆಸ್ಟಿವಲ್ಲು, ಹೋಟೆಲಿನ ಹೊಸವರ್ಷದ ಪಾರ್ಟಿ ಎಂದು ಗಿಟಾರು ನುಡಿಸಿದವರನ್ನು ಎಂಬತ್ತಮೂರರಲ್ಲಿ ರೆಕಾರ್ಡ್ ಕಂಪನಿಯೊಂದು ಕರೆಯಿತು. ಮೊದಮೊದಲು ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್ ಬರುತ್ತಿತ್ತು. ಕಳೆದ ನಾಲ್ಕು ತಿಂಗಳಿಂದ ಏನೂ ಇಲ್ಲ. ನಾನು ಬರೆದದ್ದಕ್ಕೂ ಉತ್ತರವಿಲ್ಲ. ಒಂಬತ್ತು ವರ್ಷದ ಜಯದೇವಿ ಕೇಳಿಬಿಟ್ಟಾಳೆಂದು ನಾನೇ ಮೊದಲು ಹೇಳುತ್ತಿದ್ದೆ: “ರೆಕಾರ್ಡಿಂಗ್ ಮುಗೀಬೇಕು ಪುಟ್ಟಿ, ಬರೆಯೋಕೆ ಪುರುಸೊತ್ತಿಲ್ಲ ಅಪ್ಪಂಗೆ.” ಅವಳು ತಲೆಯಾಡಿಸುತ್ತಿದ್ದಳು. ಹೇಳಿ ಹೇಳಿ ನನಗೂ ಅದೇ ನಿಜವಾಗಿತ್ತು.

ನಮ್ಮಲ್ಲಿ ರೆಕಾರ್ಡ್ ಪ್ಲೇಯರ್ ಇಲ್ಲ. ಮನೆಯ ಒಡತಿ ಗೌರಮ್ಮನವರ ನಡುಮನೆಯಲ್ಲಿದೆ, ಮೂವರೂ ಅಲ್ಲಿಗೆ ಹೋದೆವು. ಪದ್ಮನಾಭನಗರದ ಈ ಸೈಟುಗಳು ರಾಗಿ ಹೊಲವಾಗಿದ್ದ ಕಾಲದಿಂದ ಅವರದು ಇದೇ ಜಾಗ.

“ನಿನ್ನ ಗಂಡ ನಮ್ಮ ಶೆಡ್ಡಲ್ಲಿ ಟೊಂಯ್ ಟೊಂಯ್ ಅನ್ಸಿ ಹಸು ಹಾಲೇ ಕೊಡದಂಗೆ ಮಾಡಿದ್ದ. ಅದನ್ನ ಪ್ಲೇಟು ಬೇರೆ ಮಾಡವ್ರಾ?” ಎಂದು ನಗುತ್ತ ಗೌರಮ್ಮ ಪ್ಲೇಯರಿನ ಮೇಲಿನ ಕಸೂತಿ ಬಟ್ಟೆ ತೆಗೆದರು.

ಕವರಿನ ಹಿಂಭಾಗದಲ್ಲಿ ನುಡಿಸಿದವರ ಹೆಸರುಗಳಿದ್ದವು. ಜಯದೇವಿ ಬೆರಳಿಟ್ಟು ಇಂಗ್ಲಿಷನ್ನು ಕೂಡಿಸಿ ಓದಿದಳು. ಆರನೆಯ ಹೆಸರಿಗೆ ಮುಗಿಯಿತು. ಮತ್ತೆ ಮೇಲಿನಿಂದ ಓದಿದಳು.

“ನಿಮ್ಮಪ್ಪನ ಹೆಸರು ಬಿಟ್ಟೋಗಿರುತ್ತೆ ಬಿಡೇ,” ಎಂದ ಸೀನು. “ನನ್ನ ಮದುವೆ ಕಾರ್ಡಲ್ಲಿ ಪ್ರೆಸ್ಸಿನವರು ನನ್ನ ಹೆಸರೇ ಬಿಟ್ಟಿದ್ರು.”

ನಾನು ಮೂರನೆಯ ಹಾಡನ್ನೇ ಹಾಕಿಸಿದೆ. ಅದು ನಮ್ಮ ಯಜಮಾನರೇ ಕಟ್ಟಿದ್ದು, ಇದೇ ಮನೆಯ ಶೆಡ್ಡಿನಲ್ಲಿ. ಚಿಕ್ಕಂದಿನಲ್ಲಿ ಮುರಿದ ಅವರ ಕಿರುಬೆರಳು ಪೂರ್ತಿ ಚಾಚುವುದಿಲ್ಲ. ಹಾಗಾಗಿ ಪ್ರತಿ ಸಲವೂ ಒಂದು ಸ್ವರವನ್ನು ಹಾಗೇ ದಾಟಿ ಹೋಗುತ್ತಿದ್ದರು. ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತಿದ್ದ ಜಯದೇವಿ ತಲೆಯೆತ್ತದೆ ಆ ಖಾಲಿ ಜಾಗವನ್ನು ಬಾಯಲ್ಲಿ ತುಂಬುತ್ತಿದ್ದಳು. ಈಗಲೂ ಅಲ್ಲಿಗೆ ಬಂದಾಗ ಬಾಯಿ ತೆರೆದಳು. ಗಿಟಾರು ಆ ಸ್ವರವನ್ನು ಸಲೀಸಾಗಿ ಮುಟ್ಟಿ ಮುಂದೆ ಹೋಯಿತು.

ಎರಡನೆಯ ಸಲವೂ ಮುಟ್ಟಿತು. ಯಾರೋ ಬಹಳ ಚೆನ್ನಾಗಿ ನುಡಿಸಿದ್ದರು.

ಗೌರಮ್ಮ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಸೀನು ನೆಲ ನೋಡುತ್ತಿದ್ದ. ರಾತ್ರಿಯೇ ಮನೆಯಲ್ಲಿ ಕೇಳಿರುತ್ತಾನೆ, ಅವನಿಗೆ ಗೊತ್ತಾಗದೆ ಇರುತ್ತದೆಯೇ. ನಾನು ಜಯದೇವಿಯ ಹೆಗಲ ಮೇಲೆ ಕೈಯಿಟ್ಟೆ.

“ಸ್ಕೂಲಿಗೆ ಹೊತ್ತಾಯ್ತು, ನಡಿ.”

ಅವಳು ಏಳಲಿಲ್ಲ.

“ಇದು ಅಪ್ಪ ಅಲ್ಲ,” ಎಂದಳು.

ಗೌರಮ್ಮನವರ ಕೈ ನಿಂತಿತು. ಸೀನು ಎದ್ದು ಹಾಡು ನಿಲ್ಲಿಸಿದ.

“ಅಮ್ಮಾ, ರೆಕಾರ್ಡ್ ಮಾಡ್ತಿರ್ಲಿಲ್ಲ ಅಂದ್ರೆ ಅಪ್ಪ ಇಷ್ಟು ದಿನ ಎಲ್ಲಿದಾರೆ?”